ಕೈಬರಹದ ತುಂಟ ಕನ್ನಡ ಫಾಂಟ್: ಕಾಗದದಿಂದ ಫೈಲಿನವರೆಗೆ

ಮಕ್ಕಳ ಪುಸ್ತಕದ ಮುಖಪುಟ, ಹುಟ್ಟುಹಬ್ಬದ ಕಾರ್ಡ್, ಸ್ಟಿಕರ್, ಕಾಮಿಕ್ಸ್‌ನ ಮಾತಿನ ಗುಳ್ಳೆ. ಇಂಥ ಕಡೆ ಪಠ್ಯಪುಸ್ತಕದ ಗಂಭೀರ ಅಕ್ಷರ ಒಗ್ಗುವುದಿಲ್ಲ. ಸ್ಕೆಚ್ ಪೆನ್ನಿನಲ್ಲಿ ಬರೆದಂತೆ ಕಾಣುವ, ಸ್ವಲ್ಪ ಕುಣಿಯುವ, ಆದರೂ ಒಂದೇ ನೋಟಕ್ಕೆ ಓದಿಸಿಕೊಳ್ಳುವ ಅಕ್ಷರ ಬೇಕು. ಅಂಥ ಒಂದು ಯೂನಿಕೋಡ್ ಫಾಂಟನ್ನು ಮೊದಲ ಗೆರೆಯಿಂದ ಕೊನೆಯ ಪರೀಕ್ಷೆಯವರೆಗೆ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದೆ. ಬೇಕಾದ ಮುಖ್ಯ ಸಾಫ್ಟ್‌ವೇರ್ ಎರಡು: ಗೆರೆಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಮತ್ತು ಫಾಂಟ್ ಕಟ್ಟುವ ಫಾಂಟ್‌ಫೋರ್ಜ್. ಎರಡೂ ಉಚಿತ.

ಮೊದಲೇ ಒಂದು ಮಾತು ತಲೆಯಲ್ಲಿರಲಿ. ಕನ್ನಡದಲ್ಲಿ ಕೈಬರಹದ ಜೀವ ಇರುವುದು ಅಕ್ಷರ ಮತ್ತು ಗುಣಿತದ ಚಿಹ್ನೆ ಕೂಡುವ ಜಾಗದಲ್ಲಿ. ಕ ಎಂಬುದನ್ನು ಎಷ್ಟೇ ಚೆನ್ನಾಗಿ ಬರೆದಿರಿ, ಅದರ ತಲೆಗೆ ಗುಡಿಸನ್ನು ಬೇರೆ ತುಂಡಾಗಿ ತಂದು ಅಂಟಿಸಿದರೆ ಕಿ ಎಂಬುದು ಯಂತ್ರ ಜೋಡಿಸಿದ ಹಾಗೆ ಕಾಣುತ್ತದೆ. ಗೆರೆ ಎಲ್ಲಿ ಒಂದಕ್ಕೊಂದು ತಾಗುತ್ತದೋ ಅಲ್ಲಿ ಇಡೀ ರೂಪವನ್ನು ಕೈಯಿಂದಲೇ ಬರೆಯಿರಿ, ತಾಗದ ಕಡೆ ಮಾತ್ರ ಜೋಡಿಸಿ. ಮುಂದಿನ ಹೆಚ್ಚಿನ ನಿರ್ಧಾರಗಳು ಈ ಸೂತ್ರದಿಂದಲೇ ಹುಟ್ಟುತ್ತವೆ.

ಎಷ್ಟು ಬರೆಯಬೇಕು

34 ವ್ಯಂಜನಗಳಿಗೆ ತಲಾ ಏಳು ರೂಪ: ಕ, ಕಾ, ಕಿ, ಕೆ, ಕೌ, ಕ್, ಮತ್ತು ಒತ್ತು. ಒಟ್ಟು 238. ಇವುಗಳಲ್ಲಿ ಮೊದಲ ರೂಪದ ತಲೆಕಟ್ಟನ್ನು ಕಿತ್ತು ಬೇರೆ ಗೆರೆ ಹಾಕಿದಾಗಲೇ ಕಾ, ಕಿ, ಕೆ, ಕೌ, ಕ್ ಆಗುತ್ತವೆ. ಹಾಗಾಗಿ ಇವನ್ನು ಇಡಿಯಾಗಿಯೇ ಬರೆಯಬೇಕು. ಇನ್ನು 13 ಸ್ವರಗಳು, ಸೊನ್ನೆ, ವಿಸರ್ಗ, ಬಿಡಿಯಾಗಿ ಕೂಡುವ ಕೊಂಬು, ಕೊಂಬಿನ ಇಳಿ, ವಟ್ರುಸುಳಿ, ದೀರ್ಘದ ಗುರುತು, ಐತ್ವದ ಕೆಳಗುರುತು, ಅರ್ಕಾವೊತ್ತು, 10 ಅಂಕಿಗಳು, ವಿರಾಮ ಚಿಹ್ನೆಗಳು. ಎಲ್ಲ ಸೇರಿ ಮುನ್ನೂರರ ಸುತ್ತ ನಿಲ್ಲುತ್ತದೆ.

ಕೀ, ಕೇ, ಕೈ, ಕೊ, ಕೋ ಈ ಪಟ್ಟಿಯಲ್ಲಿಲ್ಲ, ಅವನ್ನು ಪ್ರತ್ಯೇಕವಾಗಿ ಬರೆಯಬೇಕಿಲ್ಲ. ಯೂನಿಕೋಡಿನಲ್ಲಿ ೀ ಎಂಬುದು ಗುಡಿಸು ಮತ್ತು ದೀರ್ಘದ ಗುರುತಾಗಿ ಒಡೆಯುತ್ತದೆ. ೇ ಎಂಬುದು ಏತ್ವ ಮತ್ತು ದೀರ್ಘ, ೈ ಎಂಬುದು ಏತ್ವ ಮತ್ತು ಕೆಳಗುರುತು, ೊ ಎಂಬುದು ಏತ್ವ ಮತ್ತು ಕೊಂಬಿನ ಇಳಿ. ೋ ಆದರೆ ಅದರ ಮೇಲೆ ಇನ್ನೊಂದು ದೀರ್ಘ. ಪಠ್ಯವನ್ನು ತೋರಿಸುವ ತಂತ್ರಾಂಶವೇ ಇವನ್ನು ಒಡೆದುಕೊಡುತ್ತದೆ. ಕಿ ಮತ್ತು ಕೆ ಚೆನ್ನಾಗಿದ್ದರೆ ಉಳಿದ ಐದೂ ತಾವಾಗಿ ಸರಿಯಾಗುತ್ತವೆ.

ಚೌಕ ತುಂಬಿಸಿದರೆ ಫಾಂಟ್ ಮಾಡಿಕೊಡುವ ಟೆಂಪ್ಲೇಟ್ ವಿಧಾನವನ್ನು ಕನ್ನಡಕ್ಕೆ ನೆಚ್ಚಬೇಡಿ. ಅದು ಒಂದು ಕೀಲಿಗೆ ಒಂದು ಚಿತ್ರ ಎಂಬ ಲೆಕ್ಕದ ಮೇಲೆ ನಿಂತಿದೆ. ಒತ್ತಕ್ಷರ, ಗುಣಿತಗಳ ನಿಯಮ ಬರೆಯಲು ಅಲ್ಲಿ ಜಾಗವಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳ ದಾರಿಯೂ ಬೇಡ. ಅವುಗಳಲ್ಲಿ ಬರೆದದ್ದು ಹುಡುಕಿದರೆ ಸಿಗುವುದಿಲ್ಲ, ಜಾಲತಾಣಕ್ಕೆ ಹಾಕಿದರೆ ಅಸಂಬದ್ಧ ಅಕ್ಷರಗಳಾಗುತ್ತವೆ.

ತುಂಟತನ ಎಲ್ಲಿರಬೇಕು, ಎಲ್ಲಿರಬಾರದು

ಪೆನ್ನು ಹಿಡಿಯುವ ಮೊದಲು ಮೂರು ಸಂಗತಿ ನಿರ್ಧರಿಸಿ. ಗೆರೆಯ ತುದಿ ಗುಂಡಗೋ, ಚಪ್ಪಟೆಯೋ? ಒಡಲು ಅಗಲವೋ, ಉದ್ದವೋ? ತಲೆಕಟ್ಟು ಹೇಗೆ ಕೂರುತ್ತದೆ? ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಒಂದು ಸಾಲಿನಲ್ಲಿ ಅತಿ ಹೆಚ್ಚು ಸಲ ಕಣ್ಣಿಗೆ ಬೀಳುವ ಗೆರೆ ತಲೆಕಟ್ಟು. ಅದನ್ನು ಸ್ವಲ್ಪ ಮೇಲಕ್ಕೆ ಚಿಮ್ಮಿಸಿದರೆ ಇಡೀ ಸಾಲು ನಗುತ್ತದೆ, ಅಡ್ಡಗೆರೆಯಂತೆ ಎಳೆದರೆ ಅದೇ ಸಾಲು ಬಿಗಿಯಾಗುತ್ತದೆ. ಖ, ಜ, ಣ, ಬ, ಲ ಗಳಿಗೆ ತಲೆಕಟ್ಟಿಲ್ಲ. ಅವುಗಳ ಮೇಲ್ತುದಿಯ ತಿರುವಿಗೆ ಅದೇ ಚಿಮ್ಮುವ ಗುಣ ಕೊಡದಿದ್ದರೆ ಇವು ಬೇರೆ ಫಾಂಟಿನಿಂದ ಬಂದಂತೆ ಕಾಣುತ್ತವೆ.

ಅಕ್ಷರದ ಗುರುತು ಹೇಳುವ ಗೆರೆಯ ಜೊತೆ ಮಾತ್ರ ಆಟ ಸಲ್ಲದು. ದ, ಧ, ಥ ಮೂರಕ್ಕೂ ಒಡಲು ಒಂದೇ, ವ್ಯತ್ಯಾಸ ಇರುವುದು ಕೆಳಗಿನ ಸೀಳಿನಲ್ಲಿ ಮತ್ತು ಒಳಗಿನ ಚುಕ್ಕೆಯಲ್ಲಿ. ಪ, ಫ, ಷ ಹಾಗೆಯೇ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ಈ ಸೀಳು ಮತ್ತು ಚುಕ್ಕೆಗಳು ಸಣ್ಣ ಗಾತ್ರದಲ್ಲಿ ಮೊದಲು ಮಾಯವಾಗುವವು. ಆದ್ದರಿಂದ ಅವನ್ನು ಸಹಜ ಅಳತೆಗಿಂತ ತುಸು ದೊಡ್ಡದಾಗಿಯೇ ಬರೆಯಿರಿ. ಅ ಮತ್ತು ಆ, ಎ ಮತ್ತು ಏ, ಒ ಮತ್ತು ಓ ಜೋಡಿಗಳಿಗೂ ಇದೇ ಎಚ್ಚರ ಬೇಕು. ಒಡಲು ಎಷ್ಟು ಬೇಕಾದರೂ ಉಬ್ಬಲಿ, ಬಾಗಲಿ, ಗುರುತಿನ ಗೆರೆ ತನ್ನ ಜಾಗ ಬಿಡಬಾರದು.

ಗೆರೆಹಾಳೆ

ಅಳತೆ ಸುಲಭವಾಗಲು ಒಂದು ಉಪಾಯ: ಕಾಗದದ ಮೇಲಿನ 1 ಇಂಚು, 600 ಡಿಪಿಐ ಸ್ಕ್ಯಾನ್‌ನಲ್ಲಿ 600 ಪಿಕ್ಸೆಲ್, ಫಾಂಟಿನಲ್ಲಿ 600 ಯೂನಿಟ್ (ಫಾಂಟಿನೊಳಗಿನ ಅಳತೆಯ ಮಾನ). ಹೀಗಿಟ್ಟುಕೊಂಡರೆ ಮುಂದೆ ಎಲ್ಲೂ ಹಿಗ್ಗಿಸುವ, ಕುಗ್ಗಿಸುವ ಗೋಜಿಲ್ಲ.

ಬೇಸ್‌ಲೈನನ್ನು, ಅಂದರೆ ಅಕ್ಷರಗಳು ಕೂರುವ ಗೆರೆಯನ್ನು, ಸೊನ್ನೆ ಎಂದುಕೊಳ್ಳಿ. ಅದರಿಂದ ಮೇಲೆ 17 ಮಿ.ಮೀ.ಗೆ ಒಡಲಿನ ನೆತ್ತಿ (400 ಯೂನಿಟ್), 21 ಮಿ.ಮೀ.ಗೆ ತಲೆಕಟ್ಟಿನ ತುದಿ (ಸುಮಾರು 500), 25.4 ಮಿ.ಮೀ.ಗೆ ಗುಡಿಸಿನ ಮತ್ತು ಹಲಂತದ, ಅಂದರೆ ಕ್ ತಲೆಯ ಮೇಲಿನ ಗುರುತಿನ, ತುದಿ (600). ಕೆಳಗೆ 2 ಮಿ.ಮೀ.ನಿಂದ 15 ಮಿ.ಮೀ.ವರೆಗೆ ಒತ್ತಿನ ಜಾಗ (ಸುಮಾರು ಮೈನಸ್ 350). ಸಾಲುಗಳ ನಡುವೆ 10 ಮಿ.ಮೀ. ಬಿಟ್ಟರೆ ಎ4 ಹಾಳೆಯಲ್ಲಿ ಐದು ಸಾಲು, ಸಾಲಿಗೆ ನಾಲ್ಕು ಅಕ್ಷರ ಹಿಡಿಸುತ್ತವೆ. ಘ, ಝ, ಔ ಗಳಿಗೆ ಒಂದೂವರೆ ಪಟ್ಟು ಅಗಲ ಕೊಡಿ.

ಗೆರೆಗಳನ್ನು ತಿಳಿನೀಲಿಯಲ್ಲಿ ಮುದ್ರಿಸಿ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲನ್ನು ಮಾತ್ರ ಉಳಿಸಿಕೊಂಡಾಗ ತಿಳಿನೀಲಿ ಬಿಳಿಯೊಳಗೆ ಕರಗುತ್ತದೆ, ಕಪ್ಪು ಶಾಯಿ ಹಾಗೇ ಉಳಿಯುತ್ತದೆ. ಕಾಗದ ನುಣುಪಾಗಿರಲಿ. ಒರಟು ಕಾಗದದಲ್ಲಿ ಮಾರ್ಕರ್ ಶಾಯಿ ನಾರಿನುದ್ದಕ್ಕೂ ಹರಡಿ ಅಂಚು ಹಲ್ಲುಹಲ್ಲಾಗುತ್ತದೆ. ಆ ಹಲ್ಲುಗಳೇ ಆಮೇಲೆ ಟ್ರೇಸ್ ಮಾಡುವಾಗ, ಅಂದರೆ ಚಿತ್ರವನ್ನು ಗೆರೆರೂಪಕ್ಕೆ ತಿರುಗಿಸುವಾಗ, ನೂರಾರು ನೋಡ್‌ಗಳಾಗಿ (ಗೆರೆಯ ಆಕಾರ ಹಿಡಿಯುವ ಬಿಂದುಗಳಾಗಿ) ಕಾಡುತ್ತವೆ.

ಬರೆಯುವುದು

ಮೂಲಾಕ್ಷರಕ್ಕೆ 3 ಮಿ.ಮೀ. ಗುಂಡು ತುದಿಯ ಮಾರ್ಕರ್, ಅಂದರೆ ಸುಮಾರು 71 ಯೂನಿಟ್ ದಪ್ಪ. ಒತ್ತಿಗೆ 2.5 ಮಿ.ಮೀ., ಸುಮಾರು 59 ಯೂನಿಟ್. ಮೂಲಾಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಲು ಹೋಗಬೇಡಿ. ಕುಗ್ಗಿಸಿದಾಗ ಗೆರೆಯೂ ಸಣಕಲಾಗಿ, ಮೇಲೊಬ್ಬರು ಕೆಳಗೊಬ್ಬರು ಬರೆದಂತೆ ಕಾಣುತ್ತದೆ. ಅದೂ ಅಲ್ಲದೆ ತ, ನ, ಮ, ಯ, ರ, ಲ ಗಳ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ.

ಪ್ರತಿ ರೂಪವನ್ನೂ ಮೂರು ಸಲ ಬರೆಯಿರಿ. ಬರೆಯುವ ಕ್ರಮವೂ ಮುಖ್ಯ. ಅಕ್ಷರಮಾಲೆಯ ಕ್ರಮದಲ್ಲಿ ಹೋದರೆ ಕ ದಿಂದ ಳ ಮುಟ್ಟುವಷ್ಟರಲ್ಲಿ ಕೈ ಬದಲಾಗಿರುತ್ತದೆ. ಆಕಾರದ ಬಳಗ ಮಾಡಿಕೊಳ್ಳಿ: ದ ಧ ಥ, ಡ ಢ, ಪ ಫ ಷ, ವ ಮ ಯ, ರ ಠ, ಬ ಭ. ಒಂದು ಬಳಗದ ಎಲ್ಲ ಗುಣಿತವನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿ. ಗೆರೆಯನ್ನು ನಿಧಾನವಾಗಿ ತಿದ್ದಬೇಡಿ. ತಿದ್ದಿದ ಗೆರೆ ನಡುಗುತ್ತದೆ, ವೇಗದ ಗೆರೆ ಹರಿಯುತ್ತದೆ. ಕೆಟ್ಟರೆ ಪಕ್ಕದಲ್ಲಿ ಇನ್ನೊಮ್ಮೆ ಬರೆಯಿರಿ.

ಮ ಮತ್ತು ಯ ಗಳಲ್ಲಿ ಗುಡಿಸು, ಏತ್ವಗಳು ಬಲಗಡೆಯ ಬಾಲಕ್ಕೆ ಕೂರುವುದಿಲ್ಲ, ಎಡಗಡೆಯ ಒಡಲಿನ ತಲೆಗೆ ಕೂರುತ್ತವೆ. ಮಿ, ಯಿ, ಮೆ, ಯೆ ಬರೆದಾಗ ಇದು ಕೈಗೆ ತಾನಾಗಿ ಬರುತ್ತದೆ, ಕಂಪ್ಯೂಟರಿನಲ್ಲಿ ತುಂಡು ಜೋಡಿಸಿದವರಿಗೆ ತಪ್ಪುತ್ತದೆ. ಪು, ವು, ಪೂ, ವೂ ನಾಲ್ಕನ್ನೂ ಇಡಿಯಾಗಿ ಬರೆದಿಡಿ. ವ ದ ಬಲಕ್ಕೆ ಕೊಂಬನ್ನು ನೇರವಾಗಿ ಅಂಟಿಸಿದರೆ ಅದು ಮ ಎಂದು ಓದಿಕೊಳ್ಳುತ್ತದೆ.

ಸ್ಕ್ಯಾನ್, ಟ್ರೇಸ್, ಆಮದು

600 ಡಿಪಿಐ, ಬಣ್ಣ. ಫೋಟೋ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ನೀಲಿ ಚಾನೆಲನ್ನು ಮಾತ್ರ ಉಳಿಸಿಕೊಂಡು, ಕಪ್ಪು-ಬಿಳುಪು ಗಡಿಯನ್ನು 255ರಲ್ಲಿ 128ರ ಆಸುಪಾಸಿಗೆ ಇಡಿ. ಗಡಿ ತೀರ ಮೇಲಿದ್ದರೆ ಗೆರೆ ದಪ್ಪವಾಗಿ ಧ ದ ಸೀಳು ಮುಚ್ಚಿಹೋಗುತ್ತದೆ. ಒಂದು ಹಾಳೆಗೆ ಇಟ್ಟ ಗಡಿಯನ್ನೇ ಎಲ್ಲ ಹಾಳೆಗೂ ಇಡಿ, ಇಲ್ಲದಿದ್ದರೆ ಅಕ್ಷರಗಳ ದಪ್ಪ ಹಾಳೆಯಿಂದ ಹಾಳೆಗೆ ಬದಲಾಗುತ್ತದೆ.

ಇಂಕ್‌ಸ್ಕೇಪ್‌ನ ಪಾತ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಇದೆ. ಸಣ್ಣ ಚುಕ್ಕೆಗಳನ್ನು ಕಳೆಯುವ ಸ್ಪೆಕಲ್ಸ್ ಆಯ್ಕೆಯನ್ನು ಹಾಕಿ, ಸ್ಮೂತ್ ಕಾರ್ನರ್ಸ್ ಅನ್ನು 1ರ ಹತ್ತಿರ ಇಡಿ. ಕೆಲವರು ಇಲ್ಲಿಗೇ ತೃಪ್ತರಾಗಿ ನಿಲ್ಲಿಸುತ್ತಾರೆ. ನಿಲ್ಲಬೇಡಿ. ಟ್ರೇಸ್ ಆದ ಕ ದಲ್ಲಿ ನೂರರ ಹತ್ತಿರ ನೋಡ್‌ಗಳಿರಬಹುದು, ಅದಕ್ಕೆ ಬೇಕಾಗಿರುವುದು 30ರಿಂದ 40. ಸಿಂಪ್ಲಿಫೈ ಒಮ್ಮೆ ಒತ್ತಿ, ಉಳಿದದ್ದನ್ನು ಕೈಯಿಂದ ಅಳಿಸಿ. ಅಂಚಿನ ಸಣ್ಣ ಏರಿಳಿತ ಉಳಿಯಬೇಕು, ಮರಳಿನಂಥ ಒರಟು ಹೋಗಬೇಕು. ಇವೆರಡರ ಭೇದ ಅಕ್ಷರವನ್ನು ಪರದೆಯಲ್ಲಿ ಅಂಗೈಯಗಲ ಮಾಡಿ ನೋಡಿದಾಗ ಗೊತ್ತಾಗುತ್ತದೆ.

ಇನ್ನು ಬಹಳ ಜನ ಎಡವುವ ಜಾಗ. ಇಂಕ್‌ಸ್ಕೇಪ್‌ನಲ್ಲಿ ಉಳಿಸಿದ ಗೆರೆಚಿತ್ರವನ್ನು, ಅಂದರೆ ಎಸ್‌ವಿಜಿ ಫೈಲನ್ನು, ಫಾಂಟ್‌ಫೋರ್ಜ್ ಒಳತೆಗೆದುಕೊಳ್ಳುವಾಗ ಅದರ ಕ್ಯಾನ್ವಾಸ್ ಎತ್ತರವನ್ನು ಎಮ್ ಎತ್ತರಕ್ಕೆ (ಫಾಂಟ್ ತನ್ನ ಅಳತೆಗೆ ಇಟ್ಟುಕೊಂಡ ಚೌಕದ ಎತ್ತರ) ಹೊಂದಿಸುತ್ತದೆ. ಪ್ರತಿ ಅಕ್ಷರವನ್ನೂ ಅದರ ಅಂಚಿಗೆ ಕತ್ತರಿಸಿ ಉಳಿಸಿದ್ದರೆ ಸೊನ್ನೆಯೂ ಕ ದಷ್ಟೇ ಎತ್ತರಕ್ಕೆ ಊದಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಎಸ್‌ವಿಜಿಗಳ ಕ್ಯಾನ್ವಾಸ್ ಎತ್ತರ ನಿಖರವಾಗಿ 1000 ಪಿಕ್ಸೆಲ್ ಇರಲಿ, ಬೇಸ್‌ಲೈನ್ ಮೇಲಿನಿಂದ 630ನೇ ಪಿಕ್ಸೆಲ್‌ನಲ್ಲಿರಲಿ. ಫಾಂಟ್‌ಫೋರ್ಜ್‌ನ ಫಾಂಟ್ ಇನ್ಫೋದಲ್ಲಿ ಅಸೆಂಟ್ (ಬೇಸ್‌ಲೈನ್‌ನ ಮೇಲಿನ ಭಾಗ) 630, ಡಿಸೆಂಟ್ (ಕೆಳಗಿನ ಭಾಗ) 370, ಎಮ್ 1000. ಹೀಗಿದ್ದರೆ ಬರೆದ ಅಳತೆ ಹಾಗೇ ಒಳಗೆ ಬರುತ್ತದೆ.

ಆಮದಾದ ಮೇಲೆ ಪ್ರತಿ ಗ್ಲಿಫ್‌ಗೆ (ಫಾಂಟಿನೊಳಗಿನ ಒಂದೊಂದು ರೂಪಕ್ಕೆ) ಈ ಆದೇಶಗಳನ್ನು ಈ ಕ್ರಮದಲ್ಲಿ ಕೊಡಿ: ರಿಮೂವ್ ಓವರ್‌ಲ್ಯಾಪ್, ಆಡ್ ಎಕ್ಸ್‌ಟ್ರೀಮಾ, ರೌಂಡ್ ಟು ಇಂಟ್, ಕರೆಕ್ಟ್ ಡೈರೆಕ್ಷನ್. ಕೊನೆಯದನ್ನು ಮರೆತರೆ ಅಕ್ಷರದ ಒಳಗಿನ ಹೊಟ್ಟೆ ಕಪ್ಪಾಗಿ ತುಂಬಿಕೊಳ್ಳುತ್ತದೆ.

ಪಕ್ಕದ ಜಾಗ ಮತ್ತು ಕೊಂಬು

ಎಡಬಲಕ್ಕೆ 35 ಯೂನಿಟ್ ಬಿಟ್ಟು ಶುರು ಮಾಡಿ. ಕಡ್ಡಿಯಂತೆ ನಿಲ್ಲುವ ಬದಿಗೆ ಸ್ವಲ್ಪ ಹೆಚ್ಚು, ಗುಂಡಗಿನ ಬದಿಗೆ ಸ್ವಲ್ಪ ಕಡಿಮೆ. ಮೂಲಾಕ್ಷರಗಳ ಬಲಬದಿಯ ಜಾಗ ಪೂರ್ತಿ ನಿಶ್ಚಯವಾಗುವವರೆಗೆ ಕೊಂಬಿಗೆ ಕೈ ಹಾಕಬೇಡಿ. ಕೊಂಬು ಮೂಲಾಕ್ಷರದೊಳಗೆ 25ರಿಂದ 30 ಯೂನಿಟ್ ಹೊಕ್ಕು ನಿಲ್ಲಬೇಕು. ಅದಕ್ಕಾಗಿ ಅದರ ಎಡಜಾಗ ಸುಮಾರು ಮೈನಸ್ 65 ಆಗಿರುತ್ತದೆ. ಆಮೇಲೆ ಮೂಲಾಕ್ಷರದ ಬಲಜಾಗವನ್ನು 35ರಿಂದ 65ಕ್ಕೆ ಏರಿಸಿದರೆ ಆ ಅಕ್ಷರದ ಕೊಂಬು ಕಳಚಿಕೊಂಡು ಗಾಳಿಯಲ್ಲಿ ನಿಲ್ಲುತ್ತದೆ. 34 ಅಕ್ಷರದ ಜೊತೆಗೂ ಕೊಂಬನ್ನು ಇಟ್ಟು ನೋಡಿ. ಗೆರೆಗಳು ಕೂಡುವಲ್ಲಿ ಗಂಟು ಕಟ್ಟಿದರೆ ಅಥವಾ ಬಿರುಕು ಕಂಡರೆ ಎಳೆದಾಡಬೇಡಿ, ಪು, ವು ಗಳಂತೆ ಅದನ್ನೂ ಇಡಿಯಾಗಿ ಬರೆದು ಸೇರಿಸಿ.

ಒತ್ತು ಮೂಲಾಕ್ಷರದ ಕೆಳಬಲಕ್ಕೆ ಸರಿದು ಕೂರಬೇಕು. ಒತ್ತಿನ ಎಡಜಾಗವನ್ನು ಮೈನಸ್ 150ರಿಂದ ಮೈನಸ್ 200ರ ನಡುವೆ ಇಟ್ಟು, ಬಲಕ್ಕೆ 20ರಿಂದ 30 ಬಿಡಿ. ಹೀಗೆ ಮಾಡಿದಾಗ ಒತ್ತಿನ ತಲೆಯ ಮೇಲೆ ಖಾಲಿ ಜಾಗ ಕಾಣುತ್ತದೆ. ಮುಂದಿನ ಅಕ್ಷರಕ್ಕೆ ಒತ್ತಿಲ್ಲದಿದ್ದರೆ ಅದನ್ನು ಕರ್ನಿಂಗ್‌ನಿಂದ (ಎರಡು ರೂಪಗಳ ನಡುವಿನ ಅಂತರದ ಹೊಂದಾಣಿಕೆ) 40ರಿಂದ 60 ಯೂನಿಟ್ ಹಿಂದಕ್ಕೆ ಎಳೆಯಿರಿ. ಕೈಬರಹದಲ್ಲಿ ನಾವು ಮಾಡುವುದೂ ಅದನ್ನೇ.

ನಿಯಮಗಳು

ಯಾವ ಗ್ಲಿಫ್‌ಗಳು ಸೇರಿದರೆ ಯಾವ ರೂಪ ಬರಬೇಕೆಂಬ ನಿಯಮಗಳ ಕಟ್ಟಿಗೆ ಲುಕಪ್ ಎನ್ನುತ್ತಾರೆ. ಎಲ್ಲ ಲುಕಪ್‌ಗಳನ್ನೂ ಕೆಎನ್‌ಡಿ2 (knd2) ಎಂಬ ಕನ್ನಡದ ಲಿಪಿ ಗುರುತಿನ ಕೆಳಗೆ ಹಾಕಿ. ಕೆಳಗೆ ಪ್ರತಿ ಸಾಲಿನ ಮೊದಲಲ್ಲಿರುವುದು ಆ ನಿಯಮಗಳಿಗೆ ಫಾಂಟಿನಲ್ಲಿ ಕೊಡುವ ನಾಲ್ಕಕ್ಷರದ ಇಂಗ್ಲಿಷ್ ಗುರುತು.

ಆರ್‌ಪಿಎಚ್‌ಎಫ್: ರ ಮತ್ತು ಹಲಂತ ಸೇರಿದರೆ ಅರ್ಕಾವೊತ್ತು. ಒಂದೇ ನಿಯಮ.

ಬಿಎಲ್‌ಡಬ್ಲ್ಯುಎಫ್: ಹಲಂತ ಮತ್ತು ವ್ಯಂಜನ ಸೇರಿದರೆ ಒತ್ತು. 34 ನಿಯಮ. ಹಲಂತ ಮೊದಲು, ವ್ಯಂಜನ ಆಮೇಲೆ ಎಂಬ ಕ್ರಮ ತಪ್ಪಿದರೆ ಒತ್ತು ಬರುವುದೇ ಇಲ್ಲ. ಹೊಸಬರು ತಲೆ ಕೆಡಿಸಿಕೊಳ್ಳುವ ದೋಷಗಳಲ್ಲಿ ಇದೇ ಮೊದಲನೆಯದು.

ಪಿಆರ್‌ಇಎಸ್: ವ್ಯಂಜನಕ್ಕೆ ಇಳಿ, ಗುಡಿಸು, ಏತ್ವ, ಔತ್ವ ಸೇರಿದರೆ ಇಡಿಯಾಗಿ ಬರೆದ ರೂಪ. 136 ನಿಯಮ.

ಎಚ್‌ಎಎಲ್‌ಎನ್: ವ್ಯಂಜನ ಮತ್ತು ಹಲಂತ ಸೇರಿದರೆ ಕ್ ರೂಪ. 34 ನಿಯಮ.

ಪಿಎಸ್‌ಟಿಎಸ್: ಪು, ವು, ಪೂ, ವೂ ಮತ್ತು ನೀವು ಸೇರಿಸಿದ ಇತರ ಕೊಂಬಿನ ರೂಪಗಳು.

ಅಕ್ಕಿ ಎಂದು ಬರೆದಾಗ ಗುಡಿಸು ಎರಡನೆಯ ಕ ದ ನಂತರ ಇದೆಯಲ್ಲ, ಮೇಲಿನ ಕ ಕ್ಕೆ ಹೇಗೆ ಸೇರುತ್ತದೆ? ಪಠ್ಯ ಜೋಡಿಸುವ ಎಂಜಿನ್ ಗುಡಿಸನ್ನು ಒತ್ತಿಗಿಂತ ಮುಂಚೆ ತಂದಿಡುತ್ತದೆ, ಆದ್ದರಿಂದ ಪಿಆರ್‌ಇಎಸ್ ನಿಯಮ ಸಲೀಸಾಗಿ ಹಿಡಿಯುತ್ತದೆ. ದೀರ್ಘದ ಗುರುತು ಮಾತ್ರ ಒತ್ತಿನ ನಂತರವೇ ಉಳಿಯುತ್ತದೆ. ಹಾಗಾಗಿ ಸ್ತ್ರೀ ಎಂಬಲ್ಲಿ ಅದು ಒತ್ತುಗಳನ್ನು ದಾಟಿ ಬಲಕ್ಕೆ ನಿಲ್ಲುತ್ತದೆ. ದೀರ್ಘವನ್ನು ಬರೆಯುವಾಗ ಅದರ ಎಡಜಾಗ ಒತ್ತಿಗೂ ಹೊಂದಬೇಕು, ಬರಿಯ ಅಕ್ಷರಕ್ಕೂ ಹೊಂದಬೇಕು.

ಹಲಂತದಿಂದ ಮುಗಿಯುವ ಒತ್ತಕ್ಷರ ಇನ್ನೊಂದು ಬಲೆ. ಟೆಸ್ಟ್, ಸಾಫ್ಟ್‌ವೇರ್ ಇವುಗಳಲ್ಲಿ ಮೂಲಾಕ್ಷರ, ಒತ್ತು, ಹಲಂತ ಎಂಬ ಕ್ರಮದಲ್ಲಿ ಗ್ಲಿಫ್‌ಗಳು ಬರುವುದರಿಂದ ಎಚ್‌ಎಎಲ್‌ಎನ್ ನಿಯಮ ತಾಕುವುದಿಲ್ಲ, ಹಲಂತ ಬಾಲದ ಹಾಗೆ ಪಕ್ಕದಲ್ಲಿ ಉಳಿಯುತ್ತದೆ. ಇದಕ್ಕೆ ಸಂದರ್ಭ ನೋಡುವ ನಿಯಮ ಬೇಕು: ಮುಂದೆ ಒತ್ತು ಮತ್ತು ಹಲಂತ ಇದ್ದರೆ ಮೂಲಾಕ್ಷರವನ್ನು ಅದರ ಹಲಂತ ರೂಪಕ್ಕೆ ಬದಲಿಸು, ಆಮೇಲೆ ಉಳಿದ ಹಲಂತವನ್ನು ಖಾಲಿ ಗ್ಲಿಫ್‌ಗೆ ಬದಲಿಸು. ಇಂಗ್ಲಿಷ್ ಪದಗಳು ಪೋಸ್ಟರ್‌ಗಳಲ್ಲಿ ಧಾರಾಳವಾಗಿ ಬರುವುದರಿಂದ ಇದನ್ನು ಬಿಡುವಂತಿಲ್ಲ.

ಕುಣಿತ

ಈಗ ಆಟ. ಕೆಲವು ಅಕ್ಷರಗಳನ್ನು ಬೇಸ್‌ಲೈನ್‌ನಿಂದ 10ರಿಂದ 15 ಯೂನಿಟ್ ಮೇಲೆ ಕೆಳಗೆ ಸರಿಸಿ, ಕೆಲವನ್ನು 2 ಡಿಗ್ರಿಯಷ್ಟು ವಾಲಿಸಿ. 20 ಯೂನಿಟ್ ಮೀರಿದರೆ ಬಿಡಿ ಕೊಂಬು, ದೀರ್ಘಗಳ ಕೂಡುಜಾಗ ತಪ್ಪುತ್ತದೆ. ಒಂದು ವ್ಯಂಜನವನ್ನು ಸರಿಸಿದರೆ ಅದರ ಕಾ, ಕಿ, ಕೆ ರೂಪಗಳನ್ನು ಅಷ್ಟೇ ಸರಿಸಬೇಕಿಲ್ಲ. ಬೇರೆ ಬೇರೆಯಾಗಿ ಸರಿಸಿದರೆ ಇನ್ನೂ ಸಹಜ.

ಒಂದೇ ಅಕ್ಷರ ಅಚ್ಚೊತ್ತಿದಂತೆ ಎರಡು ಸಲ ಕಂಡರೆ ಕೈಬರಹದ ಭ್ರಮೆ ಒಡೆಯುತ್ತದೆ. ಬರೆದ ಮೂರರಲ್ಲಿ ಉಳಿದ ಎರಡು ಈಗ ಕೆಲಸಕ್ಕೆ ಬರುತ್ತವೆ. ರೋಮನ್ ಫಾಂಟಿನಲ್ಲಿ ಎಲ್ಲ ಅಕ್ಷರಕ್ಕೂ ಪರ್ಯಾಯ ಬೇಕಾಗುತ್ತದೆ. ಕನ್ನಡದಲ್ಲಿ ಗುಣಿತವೇ ಒಂದು ವ್ಯಂಜನಕ್ಕೆ ಹಲವು ಮುಖ ಕೊಡುವುದರಿಂದ ಅದೇ ಗ್ಲಿಫ್ ಮರುಕಳಿಸುವುದು ಕಡಿಮೆ. ನ, ರ, ದ, ತ, ಗ, ಲ, ವ, ಯ, ಮ, ಸ, ಕ, ಅ ಇಷ್ಟಕ್ಕೆ ಎರಡೆರಡು ಪರ್ಯಾಯ ಸಾಕು. ಗಳು, ಲ್ಲಿ ಪದೇ ಪದೇ ಬರುವುದರಿಂದ ಕೊಂಬಿಗೂ ಲ ಒತ್ತಿಗೂ ಒಂದೊಂದು. ಸುತ್ತಲಿನ ಅಕ್ಷರ ನೋಡಿ ರೂಪ ಬದಲಿಸುವ ಸಿಎಎಲ್‌ಟಿ ಲುಕಪ್‌ನಲ್ಲಿ ಹಿಂದಿನ ನಾಲ್ಕು ಗ್ಲಿಫ್‌ಗಳೊಳಗೆ ಅದೇ ಅಕ್ಷರ ಇದ್ದರೆ ಮುಂದಿನ ಪರ್ಯಾಯಕ್ಕೆ ಹೋಗು ಎಂದು ಬರೆಯಿರಿ. ಪರೀಕ್ಷಿಸಲು ವಿಕಟಕವಿ ಮತ್ತು ಕುಬೇರನಿಗೇನಿರಬೇಕು ಬಹಳ ಒಳ್ಳೆಯವು. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಈ ಮಾತುಗಳಲ್ಲಿ ನಡುವಿನದೊಂದನ್ನು ಬಿಟ್ಟು ಪ್ರತಿ ಅಕ್ಷರ ಬೇರೆ ಬೇರೆ ದೂರದಲ್ಲಿ ಮರಳಿ ಬರುತ್ತದೆ. ನಾಲ್ಕು ಗ್ಲಿಫ್‌ಗಿಂತ ದೂರದ್ದು ಹಾಗೇ ಉಳಿದರೆ ಚಿಂತೆಯಿಲ್ಲ, ಕಣ್ಣು ಅಷ್ಟು ದೂರ ಹೋಲಿಸುವುದಿಲ್ಲ.

ಪರೀಕ್ಷೆ

ಈ ಪದಗಳನ್ನು ಒಂದು ಹಾಳೆಯಲ್ಲಿ ಜೋಡಿಸಿ, 18, 36, 72 ಪಾಯಿಂಟ್‌ಗಳಲ್ಲಿ ಮುದ್ರಿಸಿ ನೋಡಿ: ಅಕ್ಕ, ರಾಷ್ಟ್ರ, ಸಂಸ್ಕೃತಿ, ಲಕ್ಷ್ಮಿ, ಜ್ಞಾನ, ಅರ್ಥ, ಕಾರ್ಯ, ಪುಟ, ಹೂವು, ಮೊಲ, ಯೋಗ, ಅಂತಃಕರಣ, ವೃತ್ತ, ಡಿಸೆಂಬರ್, ರ‍್ಯಾಲಿ. ಕೊನೆಯದರಲ್ಲಿ ರ ಮತ್ತು ಹಲಂತದ ನಡುವೆ ಕಾಣದ ಜೋಡಕ ಇರುತ್ತದೆ. ಅಲ್ಲಿ ಅರ್ಕಾವೊತ್ತು ಬರಬಾರದು, ರ ಕ್ಕೆ ಯ ಒತ್ತು ಬರಬೇಕು. ಫಾಂಟ್‌ಫೋರ್ಜ್‌ನ ಒಳಗಿನ ಮುನ್ನೋಟವನ್ನು ನಂಬದೆ ಬ್ರೌಸರ್, ಲಿಬ್ರೆ ಆಫೀಸ್, ಒಂದು ಫೋನ್ ಮೂರರಲ್ಲೂ ನೋಡಿ.

ರಾಷ್ಟ್ರ ಮತ್ತು ಸ್ತ್ರೀ ಗಳ ಕೆಳತುದಿ ಕತ್ತರಿಸಿದಂತೆ ಕಂಡರೆ ಅದು ಲಂಬ ಅಳತೆಯ ದೋಷ. ಫಾಂಟ್ ಇನ್ಫೋದ ಓಎಸ್/2 ವಿಭಾಗದ ವಿನ್, ಟೈಪೋ ಮತ್ತು ಎಚ್‌ಎಚ್‌ಇಎ ಮೂರರಲ್ಲೂ ಮೇಲೆ 800, ಕೆಳಗೆ 450, ಲೈನ್ ಗ್ಯಾಪ್ ಸೊನ್ನೆ ಎಂದು ಒಂದೇ ಬೆಲೆ ಕೊಡಿ. ಮೂರೂ ಬೇರೆಯಾದರೆ ಒಂದೊಂದು ಕಂಪ್ಯೂಟರಿನಲ್ಲಿ ಸಾಲಿನ ಅಂತರ ಒಂದೊಂದು ಥರ ಆಗುತ್ತದೆ.

ನಿಮ್ಮ ನಿಯಮಗಳು ಎಲ್ಲಿ ತಪ್ಪಿವೆ ಎಂದು ತಿಳಿಯದಿದ್ದರೆ ಬಾಲೂ ತಮ್ಮ ಅಥವಾ ಅಕಾಯಾ ಕನಡಕ ಫಾಂಟನ್ನು ಫಾಂಟ್‌ಫೋರ್ಜ್‌ನಲ್ಲಿ ತೆರೆದು ಲುಕಪ್‌ಗಳನ್ನು ಓದಿ. ಎರಡೂ ಮುಕ್ತ ಪರವಾನಗಿಯವು, ಎರಡೂ ಸಲಿಗೆಯ ಸ್ವಭಾವದವು.

ಹೊರತರುವುದು, ಬಳಸುವುದು

ಟಿಟಿಎಫ್ ಆಗಿ ಹೊರತೆಗೆಯಿರಿ, ಜಾಲತಾಣಕ್ಕೆ ಡಬ್ಲ್ಯುಓಎಫ್‌ಎಫ್2 ಕೂಡ. ಹಿಂಟಿಂಗ್ (ಗೆರೆಗಳನ್ನು ಪರದೆಯ ಪಿಕ್ಸೆಲ್‌ಗಳಿಗೆ ಹೊಂದಿಸುವ ಸೂಚನೆ) ಬೇಡ. ಒರಟು ಅಂಚನ್ನು ಅದು ಸಣ್ಣ ಗಾತ್ರದಲ್ಲಿ ಇನ್ನಷ್ಟು ಕೆಡಿಸುತ್ತದೆ. ಎಲ್ಲರಿಗೂ ಹಂಚುವ ಮನಸ್ಸಿದ್ದರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1ರ ಪಠ್ಯವನ್ನು ಫಾಂಟಿನ ಹೆಸರುಗಳ ಪಟ್ಟಿಯೊಳಗೇ ಸೇರಿಸಿ. ಫೈಲ್ ಎಲ್ಲಿಗೆ ಹೋದರೂ ಪರವಾನಗಿ ಜೊತೆಗಿರುತ್ತದೆ.

ವಿನ್ಯಾಸದಲ್ಲಿ 18 ಪಾಯಿಂಟ್‌ಗಿಂತ ಕೆಳಗೆ ಇಳಿಸಬೇಡಿ, ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಐದಾರು ಸಾಲಿಗಿಂತ ಉದ್ದದ ಪಠ್ಯಕ್ಕೆ ಪಕ್ಕದಲ್ಲಿ ಒಂದು ಶಾಂತವಾದ ಫಾಂಟ್ ಇಡಿ. ಅಕ್ಷರಗಳ ನಡುವಿನ ಅಂತರವನ್ನು ಟ್ರ್ಯಾಕಿಂಗ್‌ನಿಂದ ಹಿಗ್ಗಿಸಿದರೆ ಕೊಂಬು ಮತ್ತು ಒತ್ತುಗಳು ಕಳಚಿಕೊಳ್ಳುತ್ತವೆ, ಅದನ್ನು ಸೊನ್ನೆಯಲ್ಲೇ ಬಿಡಿ. ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದ್ದೀರಾ ನೋಡಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಇಂಥದೇ ಆಯ್ಕೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿತ್ತು.